ಡೆಂಗ್ಯೂ ಜ್ವರ ಮತ್ತು ನಮ್ಮ ಲಿವರ್

(ಸಂಘದ ವಾರ್ಷಿಕ ಸಭೆಯ ಅಂಗವಾಗಿ ನಡೆದ ಆರೋಗ್ಯ ಮಾಹಿತಿ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮನೆಯಲ್ಲಿ ಯಾರಿಗಾದರೂ ಡೆಂಗ್ಯೂ ಎಂದು ಗೊತ್ತಾದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಪ್ಲೇಟ್‌ಲೆಟ್ ಎಷ್ಟಿದೆ?" ನೋಡಲು ಬರುವ ನೆಂಟರೂ ಅದನ್ನೇ ಕೇಳುತ್ತಾರೆ, ಗಲ್ಫಿನಿಂದ ಫೋನ್ ಮಾಡುವ ಅಣ್ಣನೂ ಅದನ್ನೇ ಕೇಳುತ್ತಾನೆ. ಲಿವರ್ ಹೇಗಿದೆ ಎಂದು ಕೇಳುವವರು ವಿರಳ. ನಾನು ಇಂದು ಮಾತನಾಡುವುದು ಅದರ ಬಗ್ಗೆ.

ಲಿವರ್, ಅಂದರೆ ಯಕೃತ್ತು, ಬಲಭಾಗದ ಪಕ್ಕೆಲುಬುಗಳ ಮರೆಯಲ್ಲಿರುವ ಸುಮಾರು ಒಂದೂವರೆ ಕಿಲೋ ತೂಕದ ಅಂಗ. ನಾವು ನುಂಗುವ ಮಾತ್ರೆಗಳಲ್ಲಿ ಹೆಚ್ಚಿನವನ್ನು ಕರಗಿಸಿ ಹೊರಹಾಕುವ ಕೆಲಸ ಅದರದು. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳಲ್ಲಿ ಬಹುಪಾಲನ್ನು ತಯಾರಿಸುವುದೂ ಅದೇ. ಆದ್ದರಿಂದ ಲಿವರ್ ಸೋತರೆ ಪ್ಲೇಟ್‌ಲೆಟ್ ಸಾಕಷ್ಟಿದ್ದರೂ ರಕ್ತಸ್ರಾವವಾಗಬಹುದು.

ಸೊಳ್ಳೆಯಿಂದ ಹರಡುವ ವೈರಸ್ ಲಿವರನ್ನು ಕೆಡಿಸುತ್ತದೆ ಎಂಬುದು ಹೊಸ ಸಂಗತಿಯಲ್ಲ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರಕ್ಕೆ ಆ ಹೆಸರು ಬಂದದ್ದೇ ರೋಗಿಯ ಕಣ್ಣು, ಚರ್ಮ ಹಳದಿಯಾಗುವುದರಿಂದ. ಅದನ್ನು ಹರಡುವುದು ಸೊಳ್ಳೆ ಎಂದು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲೇ ಹೇಳಿದ್ದರು. ಯಾರೂ ನಂಬಲಿಲ್ಲ. 1900ರಲ್ಲಿ ವಾಲ್ಟರ್ ರೀಡ್ ಅವರ ತಂಡ ಅದನ್ನು ಸಾಬೀತುಪಡಿಸಿತು. ಆ ಸೊಳ್ಳೆಯ ಹೆಸರು ಈಡಿಸ್ ಈಜಿಪ್ಟೈ. ನಮ್ಮ ಊರುಗಳಲ್ಲಿ ಡೆಂಗ್ಯೂ ಮತ್ತು ಚಿಕುನ್‌ಗುನ್ಯಾ ಹರಡುವುದೂ ಇದೇ ಸೊಳ್ಳೆ. ಸೊಳ್ಳೆ ಇದ್ದರೂ ಹಳದಿ ಜ್ವರದ ವೈರಸ್ ಭಾರತದಲ್ಲಿ ಇಲ್ಲ. ಅದಕ್ಕಾಗಿಯೇ ಆಫ್ರಿಕಾದ ಆ ದೇಶಗಳಿಗೆ ಹೋಗಿ ಬರುವವರಿಂದ ನಮ್ಮ ವಿಮಾನ ನಿಲ್ದಾಣಗಳಲ್ಲಿ ಲಸಿಕೆಯ ಪ್ರಮಾಣಪತ್ರ ಕೇಳುವುದು. ಅಲ್ಲಿ ಉದ್ಯೋಗಕ್ಕೆ ಹೋಗುವ ಯುವಕರು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಲಸಿಕೆ ಹಾಕಿಸಿಕೊಳ್ಳಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಹಳದಿ ಜ್ವರವೇ ಬಂತೇನೋ ಎಂದು ವಿಜ್ಞಾನಿಗಳು ಶಂಕಿಸಿದ್ದರು. ಪರೀಕ್ಷಿಸಿದಾಗ ಅದು ಉಣುಗಿನಿಂದ ಹರಡುವ ಬೇರೊಂದು ವೈರಸ್ ಎಂದು ತಿಳಿಯಿತು. ಅದೇ ಮಂಗನ ಕಾಯಿಲೆ.

ಈಗ ಡೆಂಗ್ಯೂಗೆ ಬರೋಣ. ಕರ್ನಾಟಕ ಸರ್ಕಾರ 2024ರಲ್ಲಿ ಇದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಈ ವೈರಸ್ ಹಳದಿ ಜ್ವರದ ವೈರಸ್‌ನ ಕುಟುಂಬಕ್ಕೇ ಸೇರಿದ್ದು. ಲಿವರ್‌ನ ಜೀವಕೋಶಗಳೊಳಕ್ಕೆ ಇದೂ ನುಗ್ಗುತ್ತದೆ. ವೈರಸ್ ಮಾಡುವ ಹಾನಿ ಒಂದು ಕಡೆಯಾದರೆ, ಅದರ ವಿರುದ್ಧ ಹೋರಾಡುವ ನಮ್ಮದೇ ರೋಗನಿರೋಧಕ ಶಕ್ತಿ ಮಾಡುವ ಹಾನಿ ಇನ್ನೊಂದು ಕಡೆ. ರಕ್ತದೊತ್ತಡ ಕುಸಿದರೆ ಲಿವರ್‌ಗೆ ರಕ್ತ ಸಾಲದೆ ಮೂರನೆಯ ಪೆಟ್ಟು. ರಕ್ತಪರೀಕ್ಷೆಯ ವರದಿಯಲ್ಲಿ ಎಸ್‌ಜಿಓಟಿ, ಎಸ್‌ಜಿಪಿಟಿ ಎಂಬ ಎರಡು ಸಾಲುಗಳಿರುತ್ತವೆ. ಇವು ಸಾಮಾನ್ಯವಾಗಿ 40ರ ಆಸುಪಾಸಿನೊಳಗೆ ಇರಬೇಕಾದ ಅಂಕಿಗಳು. ಡೆಂಗ್ಯೂ ರೋಗಿಗಳಲ್ಲಿ ಬಹುಪಾಲು ಜನರಿಗೆ ಇವು ಏರುತ್ತವೆ, ಅದರಲ್ಲೂ ಎಸ್‌ಜಿಓಟಿ ಹೆಚ್ಚು. ಇವುಗಳಲ್ಲಿ ಯಾವುದಾದರೂ 1000 ಮುಟ್ಟಿದರೆ ಅದು ತೀವ್ರ ಡೆಂಗ್ಯೂ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ವರ್ಗೀಕರಣ ಹೇಳುತ್ತದೆ. ಲಿವರ್ ಪೂರ್ತಿ ಸೋಲುವುದು ವಿರಳ. ಆದರೆ ಸೋತವರನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ.

ವೈರಸ್ ಕೊಡುವ ಪೆಟ್ಟನ್ನು ತಡೆಯುವ ಔಷಧಿ ನಮ್ಮಲ್ಲಿಲ್ಲ. ಆದರೆ ಅದರ ಮೇಲೆ ನಾವೇ ಕೊಡುವ ಪೆಟ್ಟನ್ನು ತಡೆಯಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಒಳ್ಳೆಯ ಔಷಧಿ, ಡೆಂಗ್ಯೂನಲ್ಲೂ ಅದನ್ನೇ ಕೊಡುವುದು. ಆದರೆ ಅದು ಲಿವರ್‌ನಲ್ಲಿ ಕರಗುವಾಗ ಸ್ವಲ್ಪ ಭಾಗ ವಿಷವಾಗುತ್ತದೆ. ಆರೋಗ್ಯವಂತ ಲಿವರ್ ಆ ವಿಷವನ್ನು ಆಗಿಂದಾಗಲೇ ನಿವಾರಿಸುತ್ತದೆ. ನಾಲ್ಕು ದಿನದಿಂದ ಊಟ ಸೇರದೆ, ವೈರಸ್ ಹೊಕ್ಕಿರುವ ಲಿವರ್‌ಗೆ ಆ ಶಕ್ತಿ ಕಡಿಮೆ. ಲೆಕ್ಕ ಹಾಕಿ ನೋಡಿ: 650ರ ಮಾತ್ರೆ ದಿನಕ್ಕೆ ನಾಲ್ಕು ಎಂದರೆ 2600 ಮಿಲಿಗ್ರಾಂ. ಜೊತೆಗೆ ಮೆಡಿಕಲ್ ಅಂಗಡಿಯಿಂದ ತಂದ ಶೀತದ ಮಾತ್ರೆ ಮೂರು ಹೊತ್ತು. ಅದರೊಳಗೂ 500 ಪ್ಯಾರಾಸಿಟಮಾಲ್ ಇದ್ದರೆ ಮತ್ತೆ 1500. ಒಟ್ಟು 4100 ಆಯಿತು. ಆರೋಗ್ಯವಂತ ವಯಸ್ಕರಿಗೇ ದಿನದ ಮಿತಿ 4000. ಬೇರೆ ಬೇರೆ ಹೆಸರಿನ ಪೊಟ್ಟಣಗಳಾದ್ದರಿಂದ ಒಂದೇ ಔಷಧಿಯನ್ನು ಎರಡು ಸಲ ಕೊಡುತ್ತಿದ್ದೇವೆಂದು ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಮಕ್ಕಳ ವಿಷಯದಲ್ಲಿ ತಾಯಂದಿರು ಇನ್ನೂ ಎಚ್ಚರ ವಹಿಸಬೇಕು. ಹನಿ ಹಾಕುವ ಸಣ್ಣ ಬಾಟಲಿಯಲ್ಲಿ ಸಾಮಾನ್ಯವಾಗಿ 1 ಮಿಲಿಲೀಟರಿಗೇ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಾದರೆ 5 ಮಿಲಿಲೀಟರಿಗೆ 125 ಅಥವಾ 250. ಹನಿ ಔಷಧಿಯನ್ನು ಸಿರಪ್‌ನಂತೆ ಚಮಚದಲ್ಲಿ ಅಳೆದರೆ ಒಂದೇ ಸಲಕ್ಕೆ 500 ಹೋಗುತ್ತದೆ! ಡೋಸ್ ನಿರ್ಧಾರವಾಗಬೇಕಾದ್ದು ಮಗುವಿನ ತೂಕದ ಮೇಲೆ, ಎರಡು ಡೋಸ್‌ಗಳ ನಡುವೆ ಆರು ಗಂಟೆ ಬಿಡಬೇಕು. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಮುಂತಾದ ನೋವಿನ ಮಾತ್ರೆಗಳನ್ನು ಡೆಂಗ್ಯೂ ಶಂಕೆಯಿರುವಾಗ ಮುಟ್ಟಲೇಬಾರದು, ಅವು ರಕ್ತಸ್ರಾವಕ್ಕೆ ದಾರಿ.

ಇನ್ನು ನಾಟಿ ಮದ್ದು. ಕಣ್ಣು ಹಳದಿಯಾಯಿತೆಂದರೆ ಕಾಮಾಲೆ ಎಂದು ತೀರ್ಮಾನಿಸಿ ಸೊಪ್ಪಿನ ಮದ್ದಿಗೆ ಓಡುವುದು ನಮ್ಮ ಕಡೆಯ ಹಳೆಯ ರೂಢಿ. ಡೆಂಗ್ಯೂನಲ್ಲಿ ಕಣ್ಣು ಹಳದಿಯಾಗುವುದು ಅಪರೂಪ. ಮಳೆಗಾಲದಲ್ಲಿ ಜ್ವರ ಮತ್ತು ಹಳದಿ ಎರಡೂ ಒಟ್ಟಿಗೆ ಬಂದರೆ ಅದು ಇಲಿ ಜ್ವರವಿರಬಹುದು, ಮಲೇರಿಯಾ ಇರಬಹುದು. ಈ ಎರಡಕ್ಕೂ ಸರಿಯಾದ ಔಷಧಿ ಇದೆ, ತಡಮಾಡಿದರೆ ಪ್ರಾಣಕ್ಕೆ ಅಪಾಯ. ಸೊಪ್ಪಿನ ಮದ್ದಿನಲ್ಲಿ ಏನಿದೆ, ಎಷ್ಟಿದೆ ಎಂದು ಕೊಡುವವರು ಹೇಳುವುದಿಲ್ಲ, ಆದರೆ ಅದನ್ನೂ ಕರಗಿಸಬೇಕಾದದ್ದು ಅದೇ ಬಳಲಿದ ಲಿವರ್. ಹಿರಿಯರಿಗೆ ಬೇಸರವಾಗಬಹುದು, ಆದರೂ ಹೇಳಲೇಬೇಕು.

ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಜ್ವರ ಇಳಿಯುತ್ತದೆ. ಎಲ್ಲರೂ ಅಲ್‌ಹಮ್ದುಲಿಲ್ಲಾಹ್ ಎಂದು ನಿರಾಳರಾಗುವ ಆ ಹೊತ್ತೇ ಅಪಾಯದ ಹೊತ್ತು. ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಅಥವಾ ಚಡಪಡಿಕೆ ಕಂಡರೆ ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ. ರಮಝಾನಿನಲ್ಲಿ ಜ್ವರ ಬಂದರೂ ಉಪವಾಸ ಬಿಡಲೊಪ್ಪದ ರೋಗಿಗಳನ್ನು ಒಪ್ಪಿಸುವುದು ವೈದ್ಯರಿಗೆ ಕಷ್ಟ. ರೋಗಿಗೆ ರಿಯಾಯಿತಿ ಇದೆ, ಗುಣವಾದ ಮೇಲೆ ಖಝಾ ಮಾಡಬಹುದು. ಡೆಂಗ್ಯೂ ರೋಗಿಗೆ ನೀರೇ ಔಷಧಿ. ಈ ಮಾತನ್ನು ನಾನು ಹೇಳುವುದಕ್ಕಿಂತ ಮಸೀದಿಯ ಉಸ್ತಾದರು ಹೇಳಿದರೆ ಜನ ಬೇಗ ಕೇಳುತ್ತಾರೆ.

ಸೊಳ್ಳೆಯ ಬಗ್ಗೆ ಒಂದೇ ಮಾತು. ಈಡಿಸ್ ಹುಟ್ಟುವುದು ಚರಂಡಿಯಲ್ಲಲ್ಲ, ನಿಂತ ತಿಳಿನೀರಿನಲ್ಲಿ: ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಎಳನೀರಿನ ಚಿಪ್ಪು, ರಬ್ಬರ್ ಹಾಲಿನ ಚಿಪ್ಪು, ಮುಚ್ಚಳವಿಲ್ಲದ ಟ್ಯಾಂಕ್. ವುಝೂ ಮಾಡುವ ಹೌಝ್‌ನಲ್ಲಿ ಗಪ್ಪಿ ಮೀನು ಬಿಟ್ಟರೆ ಮರಿಗಳನ್ನು ಅವೇ ತಿನ್ನುತ್ತವೆ.

ಕೊನೆಗೆ, ಗುಣವಾದವರು ಕೇಳುವ ಪ್ರಶ್ನೆ: ಲಿವರ್ ಮೊದಲಿನಂತಾಗುತ್ತದೆಯೇ? ಬಹುಪಾಲು ಜನರಲ್ಲಿ ಆಗುತ್ತದೆ. ಏರಿದ ಅಂಕಿಗಳು ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಲಿವರ್ ಟಾನಿಕ್‌ಗೆ ಹಣ ಸುರಿಯಬೇಕಿಲ್ಲ. ಹಸಿವಾದಾಗ ಮನೆಯ ಊಟ ಮಾಡಿ, ಮೀನು ಮಾಂಸ ಬಿಡಬೇಕೆಂದಿಲ್ಲ. ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು. ವಸ್ಸಲಾಮ್.