ಕಂಪ್ಯೂಟರಿನೊಳಗೆ ಕಾಗದ ಹುಡುಕುವ ಬಗೆ



ಕಂಪ್ಯೂಟರಿನಲ್ಲಿ ಇಟ್ಟ ಕಾಗದಪತ್ರಗಳನ್ನು ಬೇಕಾದಾಗ ಹುಡುಕಿ ತೆಗೆಯುವುದು ಹೇಗೆ, ಅದಕ್ಕೆಂದೇ ಇರುವ ತಂತ್ರಾಂಶಗಳಲ್ಲಿ ನಮಗೆ ಯಾವುದು ಒಳ್ಳೆಯದು ಎಂಬುದು ಇಂದಿನ ವಿಷಯ. ನಾನು ಇಂಜಿನಿಯರನಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಆದರೆ ಕಾಗದ ಹುಡುಕುವುದೇ ನನ್ನ ಕಸುಬಾಗಿತ್ತು. ಆ ಧೈರ್ಯದಿಂದ ನಾಲ್ಕು ಮಾತು ಹೇಳುತ್ತೇನೆ.

ಇದು ಪೇಟೆಯವರ ವಿಷಯ, ನಮಗೇಕೆ ಎಂದು ರೇಡಿಯೋ ಆರಿಸಬೇಡಿ. ನಮ್ಮ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅದಕ್ಕೆ ಮೊದಲು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹಾಗಾಗಿ ಅಜ್ಜನ ಕಾಲದ ಪತ್ರ ಕನ್ನಡದಲ್ಲಿದ್ದರೆ ಅಪ್ಪನ ಪಟ್ಟಯ ಮಲೆಯಾಳದಲ್ಲಿರುತ್ತದೆ, ಮಗನ ಪಾಸ್‌ಪೋರ್ಟು ಇಂಗ್ಲಿಷಿನಲ್ಲಿ. ಈಗ ಇವನ್ನೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದೋ ಸ್ಕ್ಯಾನ್ ಮಾಡಿಸಿಯೋ ಮನೆಯ ಕಂಪ್ಯೂಟರಿಗೆ ತುಂಬಿಸುತ್ತೇವೆ. ತುಂಬಿಸುವುದು ಸುಲಭ. ನಾಳೆ ವಿಲ್ಲೇಜ್ ಆಫೀಸಿಗೆ ಕೊಡಬೇಕು, ಇವತ್ತೇ ಅಕ್ಷಯ ಕೇಂದ್ರಕ್ಕೆ ಹೋಗಬೇಕು ಎಂದಾಗ ಅದು ಸಿಗಬೇಕಲ್ಲ? ಸಿಗದೆ ಹೋದರೆ ಒಂದು ದಿನದ ಕೂಲಿ ನಷ್ಟ. ಕೆಲವೊಮ್ಮೆ ಅರ್ಜಿಯ ಅವಧಿಯೇ ದಾಟಿಹೋಗುತ್ತದೆ.

ಹುಡುಕುವುದರಲ್ಲಿ ಎರಡು ಕ್ರಮಗಳಿವೆ. ಬ್ಯಾಂಕಿನ ಹಳೆಯ ದಪ್ಪ ಲೆಡ್ಜರನ್ನು ನೆನಪಿಗೆ ತಂದುಕೊಳ್ಳಿ. ಖಾತೆದಾರರ ಹೆಸರು ಹುಡುಕಲು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮಗುಚುತ್ತ ಹೋಗಬಹುದು. ಇಲ್ಲವೆ ಅಕ್ಷರಾನುಕ್ರಮದಲ್ಲಿ ಬರೆದಿಟ್ಟ ಇಂಡೆಕ್ಸ್ ನೋಡಿ ನೇರವಾಗಿ ಆ ಪುಟಕ್ಕೆ ಹೋಗಬಹುದು. ಇಂಡೆಕ್ಸ್ ಬರೆಯಲು ಮೊದಲು ಶ್ರಮವಿದೆ, ಆಮೇಲೆ ಸುಖ. ಮಗುಚಿ ನೋಡಲು ಮೊದಲು ಶ್ರಮವಿಲ್ಲ, ಆದರೆ ಪ್ರತಿ ಸಲವೂ ಕಷ್ಟ. ಕಂಪ್ಯೂಟರಿನ ಹುಡುಕು ತಂತ್ರಾಂಶಗಳೆಲ್ಲ ಈ ಎರಡರಲ್ಲಿ ಒಂದು ಕ್ರಮವನ್ನು ಹಿಡಿದವು. ಜೊತೆಗೆ ಇನ್ನೊಂದು ಭೇದವಿದೆ. ಕೆಲವು ಕಡತದ ಹೆಸರನ್ನು ಮಾತ್ರ ನೋಡುತ್ತವೆ, ಕೆಲವು ಕಡತದ ಒಳಗಿನ ಬರಹವನ್ನೂ ಓದುತ್ತವೆ.

ಮೊದಲು ವಿಂಡೋಸ್‌ನೊಳಗೇ ಬರುವ ಹುಡುಕಾಟವನ್ನು ನೋಡೋಣ. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಬೇರೆ ತಂದು ಹಾಕಬೇಕಾಗಿಯೂ ಇಲ್ಲ. ಇದು ಇಂಡೆಕ್ಸ್ ಬರೆದಿಟ್ಟುಕೊಳ್ಳುತ್ತದೆ, ವರ್ಡ್ ಮತ್ತು ಪಿಡಿಎಫ್ ಕಡತಗಳ ಒಳಗಿನ ಮಾತನ್ನೂ ಹುಡುಕುತ್ತದೆ. ಆದರೂ ಸಿಗುವುದಿಲ್ಲ ಎಂಬ ದೂರು ಏಕೆ? ಮುಖ್ಯ ಕಾರಣ ಇದು: ಸಾಮಾನ್ಯ ವ್ಯವಸ್ಥೆಯಲ್ಲಿ ಅದು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್, ಡೆಸ್ಕ್‌ಟಾಪ್ ಇಂಥ ಕೆಲವು ಜಾಗಗಳಿಗೆ ಮಾತ್ರ ಇಂಡೆಕ್ಸ್ ಬರೆಯುತ್ತದೆ. ನಮ್ಮಲ್ಲಿ ಹೆಚ್ಚಿನವರು ಕಾಗದ ಇಡುವುದು ‘ಡಿ’ ಡ್ರೈವಿನಲ್ಲಿ. ಇಂಡೆಕ್ಸಿನಲ್ಲಿ ಹೆಸರೇ ಇಲ್ಲದ ಖಾತೆ ಸಿಗುವುದು ಹೇಗೆ? ಸೆಟ್ಟಿಂಗ್ಸ್‌ನಲ್ಲಿ ಹುಡುಕಾಟದ ವಿಭಾಗಕ್ಕೆ ಹೋಗಿ ‘ಕ್ಲಾಸಿಕ್’ ಎಂದಿರುವುದನ್ನು ‘ಎನ್‌ಹ್ಯಾನ್ಸ್ಡ್’ ಎಂದು ಬದಲಾಯಿಸಿದರೆ ಇಡೀ ಯಂತ್ರಕ್ಕೆ ಇಂಡೆಕ್ಸ್ ಬರೆಯುತ್ತದೆ. ಆ ಹೊತ್ತು ಯಂತ್ರ ಸ್ವಲ್ಪ ನಿಧಾನವಾಗುತ್ತದೆ. ರಾತ್ರಿ ಕರೆಂಟಿಗೆ ಹಚ್ಚಿ ಬಿಟ್ಟರಾಯಿತು.

ಎರಡನೆಯದು ‘ಎವೆರಿಥಿಂಗ್’. ವಾಯ್ಡ್‌ಟೂಲ್ಸ್ ಎಂಬವರದ್ದು, ಉಚಿತ. ವಿಂಡೋಸ್ ತನ್ನ ಡಿಸ್ಕಿನಲ್ಲಿರುವ ಎಲ್ಲ ಕಡತಗಳ ಹೆಸರನ್ನು ತಾನೇ ಒಂದು ದೊಡ್ಡ ಪಟ್ಟಿಯಲ್ಲಿ ಬರೆದಿಟ್ಟಿರುತ್ತದೆ. ಈ ತಂತ್ರಾಂಶ ಕಡತಗಳನ್ನು ಒಂದೊಂದಾಗಿ ತೆರೆಯದೆ ಆ ಪಟ್ಟಿಯನ್ನೇ ಓದಿಕೊಳ್ಳುತ್ತದೆ. ಸುಮಾರು 1,20,000 ಕಡತಗಳ ಪಟ್ಟಿಗೆ ಒಂದು ಸೆಕೆಂಡು, 10 ಲಕ್ಷ ಕಡತಗಳಿಗೆ ಸುಮಾರು ಒಂದು ನಿಮಿಷ ಎಂದು ತಯಾರಕರು ಹೇಳುತ್ತಾರೆ. ಆಮೇಲೆ ನೀವು ಒಂದೊಂದು ಅಕ್ಷರ ಒತ್ತುತ್ತಿದ್ದಂತೆ ಉತ್ತರ ಎದುರಿಗೆ ಬರುತ್ತದೆ. ಹಳೆಯ ಯಂತ್ರದಲ್ಲೂ ಹಗುರವಾಗಿ ಓಡುತ್ತದೆ. ಇದರ ಮಿತಿಯೆಂದರೆ ಇದು ಹೆಸರು ಹುಡುಕುವುದಕ್ಕೆಂದು ಮಾಡಿದ್ದು. ಒಳಗಿನ ಬರಹ ಹುಡುಕಲು ಹೇಳಬಹುದಾದರೂ ಸಾಮಾನ್ಯವಾಗಿ ನಿಧಾನ. ಕಡತಕ್ಕೆ ‘ಸ್ಕ್ಯಾನ್ 0047’ ಎಂದು ಹೆಸರಿದ್ದರೆ ಎವೆರಿಥಿಂಗ್ ಏನು ಮಾಡೀತು?

ಮೂರನೆಯದು ‘ಡಾಕ್‌ಫೆಚರ್’. ಇದೂ ಉಚಿತವಾಗಿ ಸಿಗುತ್ತದೆ. ನೀವು ತೋರಿಸಿದ ಫೋಲ್ಡರಿಗೆ ಮಾತ್ರ ಇಂಡೆಕ್ಸ್ ಬರೆಯುತ್ತದೆ, ಮತ್ತು ಒಳಗಿನ ಬರಹಕ್ಕೇ ಬರೆಯುತ್ತದೆ. ಮಾತು ಸಿಕ್ಕಿದ ಕಡತದ ಬರಹವನ್ನು ಪಕ್ಕದಲ್ಲೇ ತೋರಿಸಿ, ಆ ಮಾತಿಗೆ ಬಣ್ಣ ಹಚ್ಚಿಕೊಡುತ್ತದೆ. ಸಹಕಾರಿ ಸಂಘದ ಕಾರ್ಯದರ್ಶಿಗಳು, ಶಾಲೆಯ ಲೆಕ್ಕ ಬರೆಯುವವರು, ದೇವಸ್ಥಾನದ ನಡಾವಳಿ ಇಡುವವರು, ಇಂಥವರಿಗೆ ಇದು ಅನುಕೂಲ. ಪೆನ್ ಡ್ರೈವಿನಲ್ಲಿ ಕಾಗದಗಳ ಜೊತೆಗೇ ಒಯ್ಯುವ ಬಗೆಯದೂ ಇದೆ.

ನಾಲ್ಕನೆಯದು ‘ಏಜೆಂಟ್ ರಾನ್ಸ್ಯಾಕ್’. ಇದು ಪುಟ ಮಗುಚುವ ಜಾತಿಯದು. ಇಂಡೆಕ್ಸ್ ಇಟ್ಟುಕೊಳ್ಳುವುದಿಲ್ಲ. ಕೇಳಿದಾಗ ಕಡತಗಳನ್ನು ತೆರೆದು ಓದಿ ಉತ್ತರ ಕೊಡುತ್ತದೆ. ನಿಧಾನ ಹೌದು. ಆದರೆ ಐದು ನಿಮಿಷದ ಹಿಂದೆ ಯಾರೋ ಕೊಟ್ಟ ಪೆನ್ ಡ್ರೈವಿನಲ್ಲಿ ಒಂದೇ ಒಂದು ಸಲ ಹುಡುಕಬೇಕಾದರೆ ಇಂಡೆಕ್ಸ್ ಬರೆಯುತ್ತ ಕೂರುವುದಕ್ಕಿಂತ ಇದೇ ಮೇಲು.

ಇಷ್ಟು ಯಾವ ಊರಿನವರಿಗೂ ಹೇಳುವ ಮಾತು. ಇನ್ನು ಗಡಿನಾಡಿನ ಕನ್ನಡಿಗರ ಸ್ವಂತ ತೊಡಕಿಗೆ ಬರುತ್ತೇನೆ.

ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ನಮ್ಮಲ್ಲಿ ಮನೆಮಾತಾಯಿತು. ಇವುಗಳಿಂದ ಕನ್ನಡಕ್ಕೆ ಆದ ಉಪಕಾರ ದೊಡ್ಡದು. ಆದರೆ ಆಗಿನ ಅಕ್ಷರವಿನ್ಯಾಸಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಯಂತ್ರದ ಹೊಟ್ಟೆಯೊಳಗೆ ಉಳಿದದ್ದು ರೋಮನ್ ಅಕ್ಷರಗಳು ಮತ್ತು ಚಿತ್ರವಿಚಿತ್ರ ಚಿಹ್ನೆಗಳು. ಈಗ ನಾವು ಮೊಬೈಲಿನಲ್ಲಿ ಬಳಸುವುದು ಯೂನಿಕೋಡ್. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ಯೂನಿಕೋಡಿನಲ್ಲಿ ‘ನಡಾವಳಿ’ ಎಂದು ಕೇಳಿದರೆ ಹಳೆಯ ನುಡಿ ಅಕ್ಷರದಲ್ಲಿ ಬರೆದ ನಡಾವಳಿ ಸಿಗುವುದಿಲ್ಲ. ಅದು ಯಂತ್ರದ ತಪ್ಪಲ್ಲ, ಅದರ ಕಣ್ಣಿಗೆ ಅವು ಬೇರೆ ಬೇರೆ ಭಾಷೆಗಳು. ಪರಿಹಾರವೇನು? ಹಳೆಯ ಅಕ್ಷರವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಮುಖ್ಯವಾದ ಕಡತಗಳನ್ನು ಬಿಡುವಿನಲ್ಲಿ ತಿರುಗಿಸಿ, ಮೂಲವನ್ನು ಅಳಿಸದೆ ಎರಡನ್ನೂ ಇಟ್ಟುಕೊಳ್ಳಿ.

ಇನ್ನೊಂದು ಸ್ವಾರಸ್ಯ. ನಮ್ಮ ಊರಿನಲ್ಲಿ ‘ಆಧಾರ’ ಎಂದರೆ ಜಾಗದ ಪತ್ರ. ಮಲೆಯಾಳದ ‘ಆಧಾರಂ’ ಎಂಬ ಮಾತು ನಮ್ಮ ಬಾಯಿಗೂ ಬಂದಿದೆ. ಎವೆರಿಥಿಂಗ್‌ನಲ್ಲಿ ‘ಆಧಾರ’ ಎಂದು ಹೊಡೆದು ನೋಡಿ. ಜಾಗದ ಪತ್ರದ ಜೊತೆಗೆ ಮನೆಮಂದಿಯ ಆಧಾರ್ ಕಾರ್ಡುಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ! ಆದ್ದರಿಂದ ಜಾಗದ್ದಕ್ಕೆ ‘ಕ್ರಯಪತ್ರ’, ‘ಪಟ್ಟಯ’, ‘ತೀರ್ವೆ ರಶೀದಿ’ ಎಂದು ಗಟ್ಟಿಯಾದ ಹೆಸರಿಡಿ. ಕೆಲವು ಕಡೆ ‘ಕ್ರಯಪತ್ರ’ ಎಂದೂ ಕೆಲವು ಕಡೆ ‘ಆಧಾರ’ ಎಂದೂ ಈಗಾಗಲೇ ಹೆಸರಿಟ್ಟಿದ್ದರೆ, ಎವೆರಿಥಿಂಗ್‌ನಲ್ಲಿ ಎರಡು ಮಾತಿನ ನಡುವೆ ಒಂದು ನೆಟ್ಟಗಿನ ಗೆರೆ ಹಾಕಿ ಕೇಳಿ. ಇದಾದರೂ ಸರಿ, ಅದಾದರೂ ಸರಿ ಎಂದು ಎರಡನ್ನೂ ತೋರಿಸುತ್ತದೆ.

ಜನರ ಹೆಸರೂ ಹಾಗೆಯೇ. ‘ಭಟ್’ ಎಂದು ಒಬ್ಬರು, ‘ಭಟ್ಟ’ ಎಂದು ಇನ್ನೊಬ್ಬರು ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಕೆಲವರು ಒಂದು ‘ಟಿ’ ಹಾಕಿದರೆ ಕೆಲವರು ಎರಡು ಹಾಕುತ್ತಾರೆ. ಮನೆಯವರೆಲ್ಲ ಕೂತು ಒಬ್ಬೊಬ್ಬರ ಹೆಸರಿಗೂ ಒಂದೇ ಕಾಗುಣಿತ ನಿಶ್ಚಯಿಸಿ, ಹಾಳೆಯಲ್ಲಿ ಬರೆದು ಯಂತ್ರದ ಪಕ್ಕ ಅಂಟಿಸಿ. ಹುಡುಕುವಾಗ ಪೂರ್ತಿ ಹೆಸರು ಹೊಡೆಯದೆ ಎರಡು ಮೂರು ಅಕ್ಷರ ಮಾತ್ರ ಹೊಡೆಯುವುದು ಜಾಣತನ.

ಮುಖ್ಯವಾದ ಸಂಗತಿ ಸ್ಕ್ಯಾನ್ ಮಾಡಿದ ಕಾಗದದ್ದು. ಸ್ಕ್ಯಾನ್ ಎಂದರೆ ಪತ್ರದ ಫೋಟೋ. ನಮಗೆ ಅಕ್ಷರ ಕಾಣುತ್ತದೆ, ಯಂತ್ರಕ್ಕೆ ಕಪ್ಪು ಬಿಳಿ ಚುಕ್ಕೆಗಳು ಮಾತ್ರ. ಚಿತ್ರದಿಂದ ಅಕ್ಷರ ಓದುವ ತಂತ್ರಾಂಶಗಳಿವೆ. 2005ರಿಂದ ಎಲ್ಲರಿಗೂ ಮುಕ್ತವಾಗಿರುವ ‘ಟೆಸರಾಕ್ಟ್’ ಈಗ ಕನ್ನಡ, ಮಲೆಯಾಳ ಎರಡರ ಅಚ್ಚಿನ ಅಕ್ಷರವನ್ನೂ ಓದಬಲ್ಲದು. ಆದರೆ ಪತ್ರಬರಹಗಾರರು ಕೈಯಲ್ಲಿ ಬರೆದ ಹಳೆಯ ಮೋಡಿ ಅದರ ಕೈಗೆ ನಿಲುಕುವುದಿಲ್ಲ. ಅಂಥದ್ದಕ್ಕೆ ಹೆಸರಿಡುವುದೊಂದೇ ದಾರಿ. ಬ್ಯಾಂಕಿನಲ್ಲಿ ನಾವು ವೋಚರುಗಳನ್ನು ತಾರೀಕಿನ ಪ್ರಕಾರ ಕಟ್ಟಿಡುತ್ತಿದ್ದೆವು. ಅದೇ ಕ್ರಮ ಇಲ್ಲಿಗೂ ಒಪ್ಪುತ್ತದೆ. ಮೊದಲು ವರ್ಷ, ತಿಂಗಳು, ದಿನ. ಆಮೇಲೆ ಯಾರದ್ದು, ಕೊನೆಗೆ ಏನು. ‘2023-06-14 ಅಮ್ಮ ತೀರ್ವೆ ರಶೀದಿ’, ಇಷ್ಟು ಸಾಕು. ವರ್ಷ ಮೊದಲು ಬಂದರೆ ಯಂತ್ರ ತಾನಾಗಿಯೇ ಕಾಲಕ್ರಮದಲ್ಲಿ ಜೋಡಿಸಿಕೊಡುತ್ತದೆ.

ಯಾವ ತಂತ್ರಾಂಶವನ್ನೂ ಕಣ್ಣು ಮುಚ್ಚಿ ನಂಬಬಾರದು, ಪರೀಕ್ಷೆ ಮಾಡಿ ನೋಡಬೇಕು. ಒಂದು ಸಣ್ಣ ಕಡತ ಮಾಡಿ. ಒಳಗೆ ಒಂದು ಕನ್ನಡ ಮಾತು, ಒಂದು ಮಲೆಯಾಳ ಮಾತು, ಒಂದು ಇಂಗ್ಲಿಷ್ ಮಾತು ಬರೆದು ಉಳಿಸಿ. ಮೂರನ್ನೂ ಒಂದೊಂದಾಗಿ ಹುಡುಕಿಸಿ. ಮೂರೂ ಸಿಕ್ಕಿದರೆ ಅದು ನಮ್ಮ ಮನೆಗೆ ಯೋಗ್ಯ.

ಎಚ್ಚರಿಕೆಯ ಮಾತೂ ಇದೆ. ಗೂಗಲ್ ಡೆಸ್ಕ್‌ಟಾಪ್ ಎಂಬ ತಂತ್ರಾಂಶ 2004ರಲ್ಲಿ ಬಂದು ಬಹಳ ಹೆಸರು ಮಾಡಿತು. 2006ರಲ್ಲಿ ಅದಕ್ಕೆ ಒಂದು ಹೊಸ ಸೌಕರ್ಯ ಸೇರಿಸಿದರು. ಒಬ್ಬರ ಒಂದು ಕಂಪ್ಯೂಟರಿನ ಕಾಗದವನ್ನು ಇನ್ನೊಂದರಿಂದ ಹುಡುಕಬಹುದು, ಆದರೆ ಅದಕ್ಕಾಗಿ ಕಡತಗಳ ಪ್ರತಿ ಆ ಕಂಪೆನಿಯ ಯಂತ್ರಗಳಿಗೆ ಹೋಗುತ್ತಿತ್ತು. ಆಗಲೇ ಅನೇಕರು ಆಕ್ಷೇಪಿಸಿದರು. 2011ರಲ್ಲಿ ಆ ತಂತ್ರಾಂಶವೇ ನಿಂತಿತು. ಇದರಿಂದ ಎರಡು ಪಾಠ. ಒಂದು, ನಮ್ಮ ಕಾಗದ ನಮ್ಮ ಮನೆಯಲ್ಲೇ ಇರುತ್ತದೋ ಹೊರಗೆ ಹೋಗುತ್ತದೋ ಎಂದು ಮೊದಲು ಕೇಳಿ ತಿಳಿಯಬೇಕು. ಎರಡು, ತಂತ್ರಾಂಶ ಇವತ್ತಿದ್ದು ನಾಳೆ ಹೋದೀತು. ನಾವು ಇಟ್ಟ ಒಳ್ಳೆಯ ಹೆಸರು ಮಾತ್ರ ಕಡತದ ಜೊತೆಗೇ ಉಳಿಯುತ್ತದೆ. ಹಾಗೆಯೇ ಹತ್ತು ಜನ ಬಳಸುವ ಯಂತ್ರದಲ್ಲಿ ಮನೆಯ ಪತ್ರಗಳಿಗೆ ಇಂಡೆಕ್ಸ್ ಬರೆಸಬೇಡಿ. ಕಡತ ಅಳಿಸಿದರೂ ಅದರ ಮಾತುಗಳು ಇಂಡೆಕ್ಸಿನಲ್ಲಿ ಕೆಲಕಾಲ ಉಳಿದಿರಬಹುದು. ತಂತ್ರಾಂಶವನ್ನು ತಯಾರಕರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ.

ಕೊನೆಗೆ ನನ್ನ ಶಿಫಾರಸು. ಸಾಮಾನ್ಯ ಮನೆಗೆ ಒಳ್ಳೆಯ ಹೆಸರುಗಳು ಮತ್ತು ಎವೆರಿಥಿಂಗ್, ಇವೆರಡು ಸಾಕು. ಬರಹದ ಕೆಲಸ ಹೆಚ್ಚಿರುವ ಸಂಘ ಸಂಸ್ಥೆಗಳು ಜೊತೆಗೆ ಡಾಕ್‌ಫೆಚರ್ ಇಟ್ಟುಕೊಳ್ಳಲಿ. ಹೊಸದೇನೂ ಬೇಡ ಎನ್ನುವವರು ವಿಂಡೋಸಿನ ಹುಡುಕಾಟವನ್ನೇ ಸರಿಯಾಗಿ ಹೊಂದಿಸಿಕೊಳ್ಳಲಿ. ಒಂದು ಮಾತು ನೆನಪಿರಲಿ: ಇದ್ದದ್ದನ್ನು ಹುಡುಕಿಕೊಡುವುದಷ್ಟೇ ಇವುಗಳ ಕೆಲಸ, ಡಿಸ್ಕು ಕೆಟ್ಟರೆ ಯಾವುದೂ ಕಾಗದವನ್ನು ಮರಳಿ ತರಲಾರದು. ಬೇರೊಂದು ಡಿಸ್ಕಿನಲ್ಲಿ ಪ್ರತಿ ಇರಲಿ, ಮೂಲಪತ್ರ ಕಪಾಟಿನಲ್ಲಿರಲಿ. ಈ ವಾರ ಪುರುಸೊತ್ತಾದಾಗ ಹತ್ತೇ ಹತ್ತು ಕಡತಗಳಿಗೆ ಸರಿಯಾದ ಹೆಸರಿಡಿ. ಉಳಿದದ್ದನ್ನು ಮನೆಯ ಮಕ್ಕಳು ಮುಂದುವರಿಸುತ್ತಾರೆ.