ರಿಯಾಯಿತಿ ಯಾರ ಮನೆಯ ಮಾಳಿಗೆಗೆ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು ವಿದ್ಯುತ್, ಕಲ್ಲಿದ್ದಲು, ಸೌರಶಕ್ತಿ ಎಂದು ಮಾತಾಡಲು ನಿಂತರೆ ನಿಮಗೆ ಆಶ್ಚರ್ಯವಾಗಬಹುದು. ವಿಜ್ಞಾನದ ಭಾಗವನ್ನು ನಮ್ಮ ವಿಜ್ಞಾನ ಶಿಕ್ಷಕರಿಗೇ ಬಿಡುತ್ತೇನೆ. ನಾನು ಹೇಳಬೇಕೆಂದಿರುವುದು ಸರ್ಕಾರ ಕೊಡುವ ಸಹಾಯಧನದ ಬಗ್ಗೆ. ಅದನ್ನು ನಾವು ರಿಯಾಯಿತಿ ಎಂದೂ ಕರೆಯುತ್ತೇವೆ. ಈ ಪದ ಅರಬ್ಬಿಯಿಂದ ಫಾರಸಿ, ಉರ್ದುಗಳ ಮೂಲಕ ಕನ್ನಡಕ್ಕೆ ಬಂತು. ಅದರ ಮೂಲ ಧಾತುವಿನ ಅರ್ಥ ಮಂದೆಯನ್ನು ಕಾಯುವುದು, ನೋಡಿಕೊಳ್ಳುವುದು. ಅದೇ ಧಾತುವಿನಿಂದ 'ರಯ್ಯತ್' ಬಂತು, ಅದರಿಂದ ನಮ್ಮ 'ರೈತ'. ಆದ್ದರಿಂದ ರಿಯಾಯಿತಿ ಎಂದರೆ ಬೆಲೆ ಇಳಿಸುವುದು ಮಾತ್ರವಲ್ಲ, ಯಾರನ್ನು ಕಾಯುತ್ತಿದ್ದೇವೆ ಎಂಬ ಪ್ರಶ್ನೆಯೂ ಅದರೊಳಗೇ ಇದೆ.

ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಬರುತ್ತಿದ್ದ ರಿಯಾಯಿತಿಗೆ ನೀಲಿ ಬಣ್ಣವಿತ್ತು. ಪಡಿತರ ಅಂಗಡಿಯ ಸೀಮೆಎಣ್ಣೆ! ಐದು ಲೀಟರಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವುದು ನನ್ನ ಕೆಲಸ. ಕ್ಯಾನು ನನ್ನದು, ಕಾರ್ಡು ಅಮ್ಮಿಯದು, ಬೈಗುಳ ಅಂಗಡಿಯವನದು. ಎಣ್ಣೆಗೆ ನೀಲಿ ಬಣ್ಣ ಹಾಕುತ್ತಿದ್ದುದು ಚಂದಕ್ಕಲ್ಲ. ಬಡವರಿಗೆಂದು ಅಗ್ಗದಲ್ಲಿ ಕೊಟ್ಟ ಎಣ್ಣೆ ಕಳ್ಳದಾರಿಯಲ್ಲಿ ಹೋಗಿ ಲಾರಿಗಳ ಡೀಸೆಲಿಗೆ ಬೆರೆಯುತ್ತಿತ್ತು, ಅದನ್ನು ಗುರುತಿಸಲು ಆ ಬಣ್ಣ. ಪ್ರತಿ ತಿಂಗಳೂ ಸರ್ಕಾರ ಹಣ ಕೊಟ್ಟಿತು, ಪ್ರತಿ ತಿಂಗಳೂ ಎಣ್ಣೆ ಉರಿದು ಹೋಯಿತು. ಇಷ್ಟು ವರ್ಷಗಳ ಆ ಹಣದಿಂದ ನಮ್ಮ ಮನೆಯಲ್ಲಿ ಉಳಿದದ್ದು ಅಡಿಗೆಮನೆಯ ಗೋಡೆಯ ಮೇಲಿನ ಮಸಿ ಮಾತ್ರ.

ಇಂಧನಕ್ಕೆ ಕೊಡುವ ಸಹಾಯಧನದ ಗುಣವೇ ಇದು. ಹಾಗೆಂದು ಅದೆಲ್ಲ ದಂಡವೆಂದು ನಾನು ಹೇಳಲಾರೆ. 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಬಂದಾಗ ಸೌದೆಯ ಹೊಗೆ ಕುಡಿಯುತ್ತಿದ್ದ ಎಷ್ಟೋ ತಾಯಂದಿರಿಗೆ ಗ್ಯಾಸ್ ಒಲೆ ಸಿಕ್ಕಿತು. ಅಡಿಗೆ ಅನಿಲವೂ ನೆಲದಡಿಯ ಇಂಧನವೇ, ನಮಗೆ ಬೇಕಾದುದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದಿಂದ ಬರುತ್ತದೆ. ಆದರೂ ಆ ತಾಯಿಯ ಪುಪ್ಪುಸದ ಲೆಕ್ಕ ಹಾಕಿದರೆ ಆ ರಿಯಾಯಿತಿಯನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ತೊಂದರೆಯಿರುವುದು ಬೇರೆ ಕಡೆ. ಬೆಲೆ ಏರಿದಾಗ ತೈಲ ಕಂಪನಿಗಳ ನಷ್ಟ ತುಂಬಲು 2022ರಲ್ಲಿ 22,000 ಕೋಟಿ, 2025ರಲ್ಲಿ ಮತ್ತೆ 30,000 ಕೋಟಿ ರೂಪಾಯಿಗಳನ್ನು ಕೇಂದ್ರ ಸರ್ಕಾರ ಮಂಜೂರು ಮಾಡಬೇಕಾಯಿತು. ಮುಂದಿನ ಸಲ ಬೆಲೆ ಏರಿದರೆ ಮತ್ತೆ ಮೊದಲಿನಿಂದ ಶುರು.

ಕಲ್ಲಿದ್ದಲಿನ ಕಥೆ ಇನ್ನೂ ವಿಚಿತ್ರ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ, ರಾಯಚೂರಿನ ಶಕ್ತಿನಗರಕ್ಕೆ ಅದು ಹೊರರಾಜ್ಯಗಳಿಂದ ರೈಲಿನಲ್ಲಿ ಬರುತ್ತದೆ. 2010ರಲ್ಲಿ ಕೇಂದ್ರ ಸರ್ಕಾರ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿತು. ಹೊಗೆಯಾಡುವ ಇಂಧನದಿಂದ ಹಣ ತೆಗೆದು ಶುದ್ಧ ಇಂಧನಕ್ಕೆ ಕೊಡುವುದು ಉದ್ದೇಶ. 2016ರ ಹೊತ್ತಿಗೆ ಅದು 400 ರೂಪಾಯಿ ಆಯಿತು. ಆದರೆ 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ ರಾಜ್ಯಗಳಿಗೆ ಪರಿಹಾರ ಕೊಡುವ ಲೆಕ್ಕಕ್ಕೆ ಸೇರಿಹೋಯಿತು. 2025ರ ಸೆಪ್ಟೆಂಬರಿನಲ್ಲಿ ಅದನ್ನು ತೆಗೆದು, ಕಲ್ಲಿದ್ದಲಿನ ತೆರಿಗೆಯನ್ನು ಶೇ. 5ರಿಂದ 18ಕ್ಕೆ ಏರಿಸಿದರು, ಸೌರ ಉಪಕರಣಗಳ ತೆರಿಗೆಯನ್ನು 12ರಿಂದ 5ಕ್ಕೆ ಇಳಿಸಿದರು. ಸೂರ್ಯನ ಹೆಸರಿನಲ್ಲಿ ವಸೂಲಾದ ಹಣ ಎಲ್ಲವೂ ಸೂರ್ಯನ ಕೆಲಸಕ್ಕೆ ಹೋಗಲಿಲ್ಲ ಎಂಬುದನ್ನು ವಾಣಿಜ್ಯ ಓದುವ ವಿದ್ಯಾರ್ಥಿಗಳು ಗಮನಿಸಬೇಕು.

ಈಗ ಮನೆಯ ಮಾಳಿಗೆಗೆ ಬರೋಣ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 'ಸೂರ್ಯ ಘರ್' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುರಿ ಒಂದು ಕೋಟಿ ಮನೆಗಳು, ಮೊತ್ತ 75,021 ಕೋಟಿ. ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಅಥವಾ ಹೆಚ್ಚಿನದಕ್ಕೆ 78,000 ರೂಪಾಯಿ. ಒಳ್ಳೆಯ ಬಿಸಿಲಿರುವ ನಮ್ಮ ಕಡೆ ಒಂದು ಕಿಲೋವ್ಯಾಟಿನ ಫಲಕ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ, ಇಪ್ಪತ್ತು ಇಪ್ಪತ್ತೈದು ವರ್ಷ ಬಾಳುತ್ತದೆ. ಸೀಮೆಎಣ್ಣೆಗೂ ಇದಕ್ಕೂ ಇರುವ ವ್ಯತ್ಯಾಸ ನಿಮಗೆ ಹೊಳೆದಿರಬೇಕು. ಹಣವನ್ನು ಒಮ್ಮೆ ಕೊಟ್ಟರಾಯಿತು, ವಸ್ತು ಮನೆಯಲ್ಲಿ ಉಳಿಯುತ್ತದೆ.

ಇಷ್ಟು ಕೇಳಿದರೆ ತೀರ್ಪು ಸುಲಭ ಎನಿಸುತ್ತದೆ. ನನಗೂ ಹಾಗೆಯೇ ಅನಿಸಿತ್ತು. ಆಮೇಲೆ ನನ್ನ ತರಗತಿಯ ಮಕ್ಕಳನ್ನು ಒಂದು ದಿನ ಕೇಳಿದೆ, ನಿಮ್ಮ ಮನೆಯ ಮಾಳಿಗೆ ಯಾರದು? ಅರ್ಧಕ್ಕಿಂತ ಹೆಚ್ಚು ಮಕ್ಕಳು ಬಾಡಿಗೆ ಮನೆಯವರು. ಉಳಿದವರಲ್ಲಿ ಹಲವರದು ತಗಡಿನ ಶೀಟು. ಆ ತಗಡಿನ ಮೇಲೆ ಯಾವ ಫಲಕ ಕೂರಿಸುತ್ತೀರಿ? ಆದರೆ 2023ರ ಜುಲೈಯಿಂದ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಬಾಡಿಗೆಯವರಿಗೂ ತಲುಪಿತು. ಆರಂಭದ ನಿಯಮದಂತೆ ಹಿಂದಿನ ವರ್ಷದ ಸರಾಸರಿಗೆ ಶೇ. 10 ಸೇರಿಸಿ, 200 ಯೂನಿಟ್ ಒಳಗಿದ್ದರೆ ಬಿಲ್ಲು ಸೊನ್ನೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ತಾಯಿಗೆ ಆ ಸೊನ್ನೆ ಬಿಲ್ಲಿನ ಬೆಲೆ ನನಗೆ ಗೊತ್ತು. ಶಾಲೆಯ ನೋಟುಪುಸ್ತಕಗಳು ಅದರಲ್ಲಿ ಬರುತ್ತವೆ.

ಹೀಗಾಗಿ ಎರಡು ರಿಯಾಯಿತಿಗಳು ಒಂದನ್ನೊಂದು ಎಳೆಯುತ್ತಿವೆ. ಸೊನ್ನೆ ಬಿಲ್ಲು ಬರುವ ಮನೆಯವನು ಸಾಲ ಮಾಡಿ ಫಲಕ ಏಕೆ ಹಾಕಿಸಿಯಾನು? ಸೌರಶಕ್ತಿಯ ಹಣ ಸ್ವಂತ ತಾರಸಿ, ಸ್ವಂತ ಹೆಸರಿನ ಮೀಟರು, ಕೈಯಲ್ಲಿ ಇನ್ನೊಂದು ಲಕ್ಷ ಇರುವವರ ಕಡೆಗೇ ಹರಿಯುತ್ತದೆ. ಬ್ಯಾಂಕು ಅಡಮಾನವಿಲ್ಲದೆ ಸಾಲ ಕೊಡುವುದುಂಟು, ಆದರೆ ಬಡ್ಡಿಯ ಸಾಲ ಬೇಡ ಎನ್ನುವವರು ನಿಮ್ಮಲ್ಲೇ ಇದ್ದೀರಿ. ಮಾಸಿಕ ರಿಯಾಯಿತಿಯನ್ನು ಕಿತ್ತು ಫಲಕಕ್ಕೆ ಕೊಡಿ ಎಂದು ಪೇಟೆಯ ತಜ್ಞರು ಸಲೀಸಾಗಿ ಬರೆಯುತ್ತಾರೆ. ಹಾಗೆ ಮಾಡಿದರೆ ಬಾಡಿಗೆಯವನ ಕೈಯಿಂದ ಕಿತ್ತು ಮಾಲೀಕನಿಗೆ ಕೊಟ್ಟಂತಾಗುತ್ತದೆ. ಇದನ್ನು ನಾನು ಒಪ್ಪಲಾರೆ. ಕಲ್ಲಿದ್ದಲಿಗೆ ಹೋಗುವ ಹಣ ಸೂರ್ಯನಿಗೆ ಹೋಗಲೇಬೇಕು, ಆದರೆ ಮಾಳಿಗೆ ಇಲ್ಲದವನಿಗೆ ಪಾಲು ಇಟ್ಟ ಮೇಲೆ.

ಪಾಲು ಇಡಲು ದಾರಿ ಇಲ್ಲವೆಂದಲ್ಲ. ದೆಹಲಿಯಲ್ಲಿ 2019ರಲ್ಲೇ ನಿಯಮ ಮಾಡಿದ್ದಾರೆ. ಫಲಕ ಬೇರೆ ಕಡೆ ಇದ್ದರೂ ಅದರಲ್ಲಿ ಪಾಲು ಹೊಂದಿದ ಮನೆಗಳ ಬಿಲ್ಲಿನಲ್ಲಿ ಆ ಯೂನಿಟ್ಟುಗಳನ್ನು ಕಳೆಯಬಹುದು. ನಮ್ಮ ರಾಜ್ಯದಲ್ಲೇ ಪಂಪ್‌ಸೆಟ್ ರೈತರ ವಿಷಯದಲ್ಲಿ ಲೆಕ್ಕ ಬದಲಾಗಿದೆ. ಹತ್ತು ಎಚ್.ಪಿ.ವರೆಗಿನ ಪಂಪಿಗೆ ವಿದ್ಯುತ್ ಉಚಿತ, ಅದಕ್ಕೆ ರಾಜ್ಯ ವರ್ಷಕ್ಕೆ ಹತ್ತು ಸಾವಿರ ಕೋಟಿಗೂ ಹೆಚ್ಚು ಭರಿಸುತ್ತದೆ. ಕರೆಂಟು ರಾತ್ರಿ ಬಂದರೆ ರೈತ ಹಾವು ಚೇಳಿನ ನಡುವೆ ಗದ್ದೆಗೆ ಹೋಗಬೇಕು. ಕುಸುಮ್ ಯೋಜನೆಯಲ್ಲಿ ಸೌರ ಪಂಪಿಗೆ ಕೇಂದ್ರದ್ದು ಶೇ. 30, ರಾಜ್ಯದ್ದು ಶೇ. 50 ಎಂದಾಗ ರೈತನಿಗೆ ಉಳಿಯುವುದು ಐದನೆಯ ಒಂದು ಪಾಲು. ಹಗಲಲ್ಲೇ ನೀರು. ಇಲ್ಲಿ ಸರ್ಕಾರ ಹಳೆಯ ರಿಯಾಯಿತಿಯನ್ನು ಕಿತ್ತುಕೊಳ್ಳದೆ ಹೊಸದನ್ನು ಮುಂದಿಟ್ಟಿತು. ನಗರದ ಬಾಡಿಗೆಯವರಿಗೂ ಇಂಥದ್ದೊಂದನ್ನು ಕೇಳುವ ಹಕ್ಕು ನಿಮಗಿದೆ. ವಿದ್ಯುತ್ ದರದ ಬಗ್ಗೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾರು ಬೇಕಾದರೂ ಆಕ್ಷೇಪಣೆ ಬರೆದು ಕೊಡಬಹುದು. ಕೈಗಾರಿಕೆಯವರು ತಪ್ಪದೆ ಹೋಗುತ್ತಾರೆ. ನಮ್ಮ ಬೀದಿಯಿಂದ ಯಾರಾದರೂ ಹೋದದ್ದನ್ನು ನಾನು ಕೇಳಿಲ್ಲ.

ವಿದ್ಯಾರ್ಥಿಗಳೇ, ಇವತ್ತು ಮನೆಗೆ ಹೋದ ಮೇಲೆ ಕರೆಂಟಿನ ಬಿಲ್ಲನ್ನು ತೆಗೆದು ಮೇಲೆ ಯಾರ ಹೆಸರಿದೆ ಓದಿ. ನಮ್ಮ ಮನೆಗೆ ಫಲಕ ಹಾಕಿಸೋಣವೆಂದು ನಾನು ಹೋದಾಗ ಗೊತ್ತಾಯಿತು, ಮೀಟರು ಇನ್ನೂ ನನ್ನ ದಾದಾ ಹೆಸರಿನಲ್ಲಿದೆ. ಅವರು ತೀರಿಕೊಂಡು ಹದಿನಾಲ್ಕು ವರ್ಷ. ಖಾತೆಯೂ ಅವರದೇ. ಅಬ್ಬಾ, ಇಬ್ಬರು ಚಾಚಾ, ಒಬ್ಬರು ಫುಪ್ಪು, ಎಲ್ಲರೂ ಒಪ್ಪಿ ಸಹಿ ಹಾಕದೆ ಏನೂ ಆಗುವುದಿಲ್ಲ. ತಪ್ಪು ಕಚೇರಿಯದಲ್ಲ, ನಮ್ಮದೇ. ಅಬ್ಬಾ ಮತ್ತು ಫುಪ್ಪು ಸಹಿ ಮಾಡಿದ್ದಾರೆ. ದೊಡ್ಡ ಚಾಚಾ ಕಳೆದ ತಿಂಗಳು ಮಾಡಿದರು. ಚಿಕ್ಕ ಚಾಚಾ ಜಿದ್ದಾದಲ್ಲಿದ್ದಾರೆ, ರಜೆಗೆ ಬಂದಾಗ ಮಾಡುತ್ತೇನೆ ಎಂದಿದ್ದಾರೆ.