ವೈಟ್‌ಫೀಲ್ಡಿನ ಪುಟ್ಟ ಚರ್ಚು ಹೇಳುವ ಕಥೆ

(ಕಾಲೇಜು ವಿದ್ಯಾರ್ಥಿಗಳ ಎದುರು ಮಾಡಿದ ಭಾಷಣದ ಬರಹ ರೂಪ)



ಚಾರಿತ್ರಿಕ ಕಟ್ಟಡ ಎಂದೊಡನೆ ನಮಗೆ ನೆನಪಾಗುವುದು ಬೇಲೂರು, ಹಂಪಿ, ಗೋಲಗುಮ್ಮಟ. ಇಂದು ನಾನು ಮಾತನಾಡಲಿರುವುದು ಬೆಂಗಳೂರಿನ ಹೊರವಲಯದ ಒಂದು ಚಿಕ್ಕ ಚರ್ಚಿನ ಬಗ್ಗೆ. ವೈಟ್‌ಫೀಲ್ಡಿನ ಮೆಮೋರಿಯಲ್ ಚರ್ಚ್ ಕಟ್ಟಿದ್ದು 1886ರಲ್ಲಿ. ಗಾತ್ರದಲ್ಲಿ ಅದು ಯಾರ ಕಣ್ಣನ್ನೂ ಕುಕ್ಕುವಂಥದ್ದಲ್ಲ. ಐಟಿ ಕಂಪನಿಗಳ ಬಸ್ಸಿನಲ್ಲಿ ಹೋಗುವವರು ಅದನ್ನು ಗಮನಿಸದೇ ದಾಟಿಬಿಡುತ್ತಾರೆ. ಆದರೆ ಈ ಊರು ಏಕೆ ಹುಟ್ಟಿತು ಎಂದು ಕೇಳುವವರು ಇಲ್ಲಿಂದಲೇ ಆರಂಭಿಸಬೇಕು.

ವೈಟ್‌ಫೀಲ್ಡ್ ಎಂದರೆ 'ಬಿಳಿಯರ ಬಯಲು' ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ವೈಟ್ ಎಂಬುದು ಒಬ್ಬರ ಹೆಸರು. ಮದ್ರಾಸಿನ ಡಿ.ಎಸ್. ವೈಟ್ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘದ ಮುಂದಾಳು. ಐರೋಪ್ಯ ಮತ್ತು ಭಾರತೀಯ ರಕ್ತ ಬೆರೆತ ಕುಟುಂಬಗಳ ಜನ ಆಗ ಎರಡೂ ಕಡೆ ಸಲ್ಲದವರಾಗಿದ್ದರು. 1791ರಲ್ಲೇ ಈಸ್ಟ್ ಇಂಡಿಯಾ ಕಂಪನಿ ಅವರಿಗೆ ತನ್ನ ಮೇಲಿನ ಹುದ್ದೆಗಳ ಬಾಗಿಲು ಮುಚ್ಚಿತ್ತು. ಮುಂದೆ ರೈಲ್ವೆ, ತಂತಿ ಇಲಾಖೆಗಳಲ್ಲಿ ಕೆಲಸ ಸಿಕ್ಕಿತಾದರೂ ಅದು ಪರರ ಮರ್ಜಿಯ ಬದುಕು. ಸ್ವಂತ ನೆಲವಿದ್ದು ಬೇಸಾಯ ಮಾಡಿದರೆ ತಮ್ಮ ಜನ ತಲೆಯೆತ್ತಿ ಬಾಳಬಹುದು ಎಂಬುದು ವೈಟ್ ಅವರ ಲೆಕ್ಕಾಚಾರ.

ಆ ನೆಲವನ್ನು ಕೊಟ್ಟವರು ಬ್ರಿಟಿಷರಲ್ಲ ಎಂಬುದು ಗಮನಾರ್ಹ. ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರ್ ಆಡಳಿತದ ನಂತರ 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿತು. ಮರುವರ್ಷವೇ, ಅಂದರೆ 1882ರಲ್ಲಿ, ಹತ್ತನೆಯ ಚಾಮರಾಜ ಒಡೆಯರು ಸುಮಾರು 4,000 ಎಕರೆ ಭೂಮಿಯನ್ನು ಈ ಸಂಘಕ್ಕೆ ನೀಡಿದರು. ನಡುವೆ ಬಯಲು, ಸುತ್ತ ದುಂಡಗಿನ ರಸ್ತೆ, ಅದರಂಚಿಗೆ ತೋಟದ ಮನೆಗಳು: ಇದು ಊರಿನ ನಕ್ಷೆ. 'ಇನ್ನರ್ ಸರ್ಕಲ್' ಎಂಬ ಹೆಸರು ಇಂದಿಗೂ ಉಳಿದಿದೆ. ನೆಲ ಸಿಕ್ಕ ನಾಲ್ಕೇ ವರ್ಷಗಳಲ್ಲಿ ಚರ್ಚು ಎದ್ದಿತು. ಬಂದವರು ಇಲ್ಲಿಯೇ ಬೇರೂರಲು ನಿರ್ಧರಿಸಿದ್ದರು ಎಂಬುದಕ್ಕೆ ಅದೇ ಸಾಕ್ಷಿ.

ವೈಟ್‌ಫೀಲ್ಡಿನ ಇತಿಹಾಸವೆಂದರೆ ಸಾಮಾನ್ಯವಾಗಿ ಚರ್ಚಿಲ್ ಕಥೆ ಬರುತ್ತದೆ. 1896ರಲ್ಲಿ ಬೆಂಗಳೂರಿಗೆ ಬಂದ ಆ ತರುಣ ಸೇನಾಧಿಕಾರಿ ಇಲ್ಲಿನ ವೇವರ್ಲಿ ಇನ್‌ಗೆ ಬರುತ್ತಿದ್ದನಂತೆ, ಅಲ್ಲಿನ ಹುಡುಗಿಗೆ ಮನಸೋತಿದ್ದನಂತೆ. ಕೇಳಲು ರಂಜನೀಯ. ಆದರೆ ಬಂದುಹೋದ ಅತಿಥಿಯ ಅಂತೆಕಂತೆಗಿಂತ, ಇಲ್ಲೇ ನೆಲೆಸಿದವರ ಕಥೆ ದೊಡ್ಡದಲ್ಲವೇ?

ಆ ಕಥೆ ಈಗ ಅಳಿಯುತ್ತಿದೆ. ಸ್ವಾತಂತ್ರ್ಯದ ಬಳಿಕ ಬಹಳಷ್ಟು ಆಂಗ್ಲೋ ಇಂಡಿಯನ್ ಕುಟುಂಬಗಳು ಬ್ರಿಟನ್, ಆಸ್ಟ್ರೇಲಿಯಾಗಳಿಗೆ ವಲಸೆ ಹೋದವು. ಸಂಸತ್ತಿಗೆ ಅವರ ಪ್ರತಿನಿಧಿಗಳನ್ನು ನಾಮಕರಣ ಮಾಡುವ ಅವಕಾಶವೂ 2020ರಲ್ಲಿ ಕೊನೆಗೊಂಡಿತು. ಇನ್ನೊಂದೆಡೆ, ಬೇಸಾಯಕ್ಕೆಂದು ಕೊಟ್ಟ ನೆಲಕ್ಕೆ ಇಂದು ಚದರಡಿ ಲೆಕ್ಕದಲ್ಲಿ ಬೆಲೆ. ಎಕರೆಗಟ್ಟಲೆ ತೋಟದ ನಡುವಿನ ಹಳೆಯ ಬಂಗಲೆಯನ್ನು ಉಳಿಸಿಕೊಳ್ಳುವುದು ಮಾಲೀಕರಿಗೆ ಸುಲಭವಲ್ಲ. ಅವರನ್ನಷ್ಟೇ ದೂರಿ ಪ್ರಯೋಜನವೂ ಇಲ್ಲ. ರಾಜ್ಯದ 1961ರ ಸ್ಮಾರಕ ಸಂರಕ್ಷಣಾ ಕಾಯ್ದೆ ಕಾವಲಾಗುವುದು ಸರ್ಕಾರ 'ಸಂರಕ್ಷಿತ' ಎಂದು ಘೋಷಿಸಿದ ಕಟ್ಟಡಗಳಿಗೆ ಮಾತ್ರ.

ಚರ್ಚಿನ ಸ್ಥಿತಿ ಹಾಗಲ್ಲ. ಅಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ. ಬಳಕೆಯಲ್ಲಿರುವ ಕಟ್ಟಡದ ಹೆಂಚು ಒಡೆದರೆ ಕೇಳುವವರಿರುತ್ತಾರೆ, ಗೋಡೆಗೆ ನೀರಿಳಿದರೆ ನೋಡುವವರಿರುತ್ತಾರೆ. ಕಾಯ್ದೆಯಷ್ಟೇ ಮುಖ್ಯವಾದ ರಕ್ಷಣೆ ಇದು. ಹಳೆಯ ಬಂಗಲೆಗಳಿಗೂ ಗ್ರಂಥಾಲಯವೋ ಶಾಲೆಯೋ ಆಗುವ ಅವಕಾಶ ಸಿಕ್ಕರೆ ಕೆಲವಾದರೂ ಉಳಿದಾವು.

2023ರಿಂದ ವೈಟ್‌ಫೀಲ್ಡಿಗೆ ಮೆಟ್ರೊ ರೈಲು ಓಡುತ್ತಿದೆ. ಒಂದು ಭಾನುವಾರ ಬಿಡುವು ಮಾಡಿಕೊಂಡು ಹೋಗಿಬನ್ನಿ. ಚರ್ಚು ನೋಡಿ, ಇನ್ನರ್ ಸರ್ಕಲ್‌ನಲ್ಲಿ ಒಂದು ಸುತ್ತು ನಡೆಯಿರಿ. ಹಳೆಯ ಮನೆಗಳಲ್ಲಿ ಎಷ್ಟು ಉಳಿದಿವೆ ಎಂದು ನೀವೇ ಎಣಿಸಿ, ಬರೆದಿಡಿ. ಮುಂದೆ ಯಾರಾದರೂ ಕೇಳಿದಾಗ ಆ ಪಟ್ಟಿ ಉಪಯೋಗಕ್ಕೆ ಬರುತ್ತದೆ.